ಮೀಸೆ ಮಣ್ಣಾಗಲಿ: ಎಂಎಂಎ ಕಲಿಯಲು ಹೊರಟ ತುಮಕೂರಿನ ಓದುಗರಿಗೆ ಉತ್ತರ

ಪ್ರಶ್ನೆ: ನನಗೆ 23 ವರ್ಷ, ತೂಕ 62 ಕೆಜಿ. ತುಮಕೂರಿನವನು, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಹೈಸ್ಕೂಲಿನಲ್ಲಿ ಕರಾಟೆ ಕಲಿತು ಹಸಿರು ಬೆಲ್ಟ್‌ಗೆ ನಿಲ್ಲಿಸಿದ್ದೆ. ಎರಡು ವರ್ಷದಿಂದ ಮೊಬೈಲ್‌ನಲ್ಲಿ ಎಂಎಂಎ, ಅಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಪಂದ್ಯಗಳನ್ನು ನೋಡಿ ನೋಡಿ ಹುಚ್ಚು ಹಿಡಿದಿದೆ. ವಯಸ್ಸು ಮೀರಿತೇ? ಮೊದಲು ಆರು ತಿಂಗಳು ಜಿಮ್‌ಗೆ ಹೋಗಿ ಮೈ ಗಟ್ಟಿ ಮಾಡಿಕೊಳ್ಳಬೇಕೇ? ಕರಾಟೆ ಉಪಯೋಗಕ್ಕೆ ಬರುತ್ತದೆಯೇ? ವಿಡಿಯೊ ನೋಡಿ ಮನೆಯಲ್ಲೇ ಕಲಿಯಬಹುದೇ? ಮೂಗು ಮುರಿದುಕೊಂಡು ಬರುತ್ತೀಯ ಎಂದು ಅಮ್ಮ ಹೆದರುತ್ತಿದ್ದಾರೆ.

ಉತ್ತರ: ಸುಲಭದ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡೋಣ. ವಯಸ್ಸು ಮೀರಿಲ್ಲ. ನನ್ನ ಬಳಿ ಕಲಿತವರಲ್ಲಿ ತೀರಾ ಅಚ್ಚುಕಟ್ಟಾಗಿ ಕಲಿತವರೊಬ್ಬರು ನಲವತ್ತು ದಾಟಿದ ಮೇಲೆ ಬಂದ ಬಸ್ ನಿರ್ವಾಹಕರು; ದಿನವಿಡೀ ಕುಲುಕಾಡುವ ಬಸ್ಸಿನಲ್ಲಿ ನಿಂತು ಅಭ್ಯಾಸವಾದ ಅವರ ಸಮತೋಲ ಇಪ್ಪತ್ತರ ಹುಡುಗರಿಗೂ ಇರಲಿಲ್ಲ. ಜಿಮ್ಮಿನ ಆರು ತಿಂಗಳು ಬೇಡ. ಈಜು ಕಲಿಯುವ ಮೊದಲು ಆರು ತಿಂಗಳು ಅಮಾನಿಕೆರೆಯ ದಂಡೆಯ ಮೇಲೆ ನಿಂತು ಕೈ ಬೀಸುತ್ತೇನೆ ಎಂದಂತಾಗುತ್ತದೆ ಅದು. ಮ್ಯಾಟ್ ಮೇಲೆ ಬೇಕಾದ ಉಸಿರು ಮ್ಯಾಟ್ ಮೇಲೆಯೇ ಬರುತ್ತದೆ. ಆರು ತಿಂಗಳ ನಂತರ ಬರುತ್ತೇನೆ ಎಂದು ಹೋದವರಲ್ಲಿ ಮರಳಿ ಬಂದವರನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ನಿಧಾನವಾಗಿ ಹೇಳಬೇಕಾದದ್ದು.

ನೀವು ಮೊಬೈಲ್‌ನಲ್ಲಿ ನೋಡುತ್ತಿರುವ ಆಟದಲ್ಲಿ ಮೂರು ವಿದ್ಯೆಗಳಿವೆ. ನಿಂತು ಗುದ್ದುವುದು, ಒದೆಯುವುದು ಒಂದು. ಹಿಡಿದು ಕೆಡವುವುದು ಎರಡನೆಯದು. ಕೆಡವಿದ ಮೇಲೆ ನೆಲದಲ್ಲಿ ಒತ್ತಿ ಹಿಡಿದು ಕೈಕಾಲಿಗೋ ಕತ್ತಿಗೋ ಪಟ್ಟು ಹಾಕುವುದು ಮೂರನೆಯದು. ಹೊಸಬರ ಕಣ್ಣು ಮೊದಲನೆಯದರ ಮೇಲೆಯೇ ಇರುತ್ತದೆ, ಏಕೆಂದರೆ ವಿಡಿಯೊ ತುಣುಕುಗಳಲ್ಲಿ ಹರಿದಾಡುವುದು ಅದೇ. ಆದರೆ ಈ ಆಟ ಹುಟ್ಟಿದ ಕಥೆಯೇ ಬೇರೆ.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ, ಅಂದರೆ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ ಕೂಟ ನಡೆಯಿತು. ಎಂಟು ಮಂದಿ, ಎಂಟು ಬಗೆಯ ತರಬೇತಿ, ತೂಕದ ವಿಭಾಗಗಳೇ ಇಲ್ಲ. ಸುಮಾರು 80 ಕೆಜಿ ತೂಗುವ, ನೋಡಿದರೆ ಬ್ಯಾಂಕಿನ ಗುಮಾಸ್ತನಂತಿದ್ದ ರಾಯ್ಸ್ ಗ್ರೇಸಿ ಎಂಬ ಬ್ರೆಜಿಲ್‌ನ ಜುಜಿತ್ಸು (ನೆಲದಲ್ಲಿ ಒತ್ತಿ ಹಿಡಿದು ಪಟ್ಟು ಹಾಕುವ ವಿದ್ಯೆ) ಪಟು ಒಂದೇ ರಾತ್ರಿ ಮೂವರನ್ನು ನೆಲಕ್ಕೆ ಕೆಡವಿ ಸೋಲಿಸಿದ. ಎಲ್ಲರೂ ಅವನ ಕಥೆ ಹೇಳುತ್ತಾರೆ. ನನಗೆ ಇಷ್ಟವಾದವನು ಅವನಿಗೆ ಮೊದಲು ಸೋತವನು, ಆರ್ಟ್ ಜಿಮ್ಮರ್ಸನ್. ಈತ ಬಾಕ್ಸರ್, ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ಗ್ರೇಸಿ ಕೆಡವಿ ಎದೆಯ ಮೇಲೆ ಕುಳಿತದ್ದೇ ತಡ, ಇನ್ನೂ ಪಟ್ಟು ಬೀಳುವ ಮೊದಲೇ, ನೆಲ ತಟ್ಟಿ ಸೋಲೊಪ್ಪಿಕೊಂಡ. ಜನ ಇಂದಿಗೂ ನಗುತ್ತಾರೆ. ತನಗೆ ಗೊತ್ತಿಲ್ಲದ ನೀರಿಗೆ ಬಿದ್ದಿದ್ದೇನೆ ಎಂಬುದು ಆ ಕ್ಷಣದಲ್ಲೇ ಹೊಳೆದು, ಮೈಕೈ ನೆಟ್ಟಗಿಟ್ಟುಕೊಂಡು ಮನೆಗೆ ಹೋದವನನ್ನು ನೋಡಿ ನಗುವುದೇಕೋ ನನಗೆ ತಿಳಿಯದು.

ನಮ್ಮಲ್ಲಿ ಗಾದೆಯಿದೆ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎಂಎಂಎ ಕಲಿಯಲು ಬರುವ ಹುಡುಗರಲ್ಲಿ ಹತ್ತಕ್ಕೆ ಎಂಟು ಮಂದಿ ಈ ಗಾದೆಯನ್ನು ಮೀಸೆಗೆ ಅಂಟಿಸಿಕೊಂಡೇ ಬರುತ್ತಾರೆ. ನಾನೂ ಹಾಗೆಯೇ ಹೋದವನು. ಬಾಲ್ಯದಲ್ಲಿ ಗರಡಿಯ ಮಣ್ಣಿನಲ್ಲಿ ನಾಲ್ಕು ವರ್ಷ ಹೊರಳಾಡಿದ್ದೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಕಥೆ ಮುಗಿಯಿತು, ಆದ್ದರಿಂದ ಬೆನ್ನು ಕೊಡಬಾರದು ಎಂಬುದೊಂದೇ ಗೊತ್ತು. ಮುಂದೆ ಜುಜಿತ್ಸು ಕಲಿಯಲು ಸೇರಿದ ಮೂರನೇ ವಾರ, ನನಗಿಂತ ಹತ್ತು ಕೆಜಿ ಕಡಿಮೆಯಿದ್ದ ಹುಡುಗನೊಬ್ಬ ನನ್ನ ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಗ್ಗಿಸತೊಡಗಿದ. ಅವನ ಸೊಂಟ ಮೇಲೇಳುತ್ತಿರುವುದು ಗೊತ್ತಾಗುತ್ತಿತ್ತು. ಎರಡು ಬಾರಿ ತಟ್ಟಿದ್ದರೆ ಸಾಕಿತ್ತು. ಇಷ್ಟು ಪುಟ್ಟವನಿಗೆ ತಟ್ಟುವುದೇ ಎಂದುಕೊಂಡು ಹಲ್ಲು ಕಚ್ಚಿದೆ. ಮೊಣಕೈಯಿಂದ ಒದ್ದೆ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವನು ಗಾಬರಿಯಾಗಿ ಬಿಟ್ಟುಬಿಟ್ಟ, ಪಾಪ. ಆರು ವಾರ ತೋಳು ಜೋಳಿಗೆಯಲ್ಲಿ. ಇಂದಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತೆಗೆದುಕೊಳ್ಳಲು ಬಲಗೈ ಚಾಚಿದರೆ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ.

ಆದ್ದರಿಂದ ಮೊದಲ ದಿನ ಕಲಿಯಬೇಕಾದ ವಿದ್ಯೆ ಟ್ಯಾಪ್, ಅಂದರೆ ತಟ್ಟುವುದು. ಎದುರಾಳಿಯ ಮೈಮೇಲೆ, ಅವನಿಗೆ ಗೊತ್ತಾಗುವಷ್ಟು ಜೋರಾಗಿ, ಎರಡು ಮೂರು ಬಾರಿ. ಕೈ ಸಿಕ್ಕಿಬಿದ್ದಿದ್ದರೆ ಬಾಯಿಯಿಂದ ‘ಟ್ಯಾಪ್’ ಎಂದು ಕೂಗಿ. ನೋವು ಬಂದ ಮೇಲೆ ತಟ್ಟುತ್ತೇನೆ ಎಂದು ಕಾಯಬೇಡಿ. ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಸರಿಯಾಗಿ ಒತ್ತಿದರೆ ನೋವೇ ಇಲ್ಲದೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹಿಮ್ಮಡಿಯನ್ನು ತಿರುಚುವ ಹೀಲ್ ಹುಕ್ ಎಂಬ ಪಟ್ಟು ಇನ್ನೂ ಕೆಟ್ಟದ್ದು. ನೋವು ತಿಳಿಯುವಷ್ಟರಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿದಿರುತ್ತದೆ. ಹೊಸಬರ ಮೇಲೆ ಅದನ್ನು ಪ್ರಯೋಗಿಸಲು ಬಿಡುವ ಜಾಗದಿಂದ ಚಪ್ಪಲಿ ಮೆಟ್ಟಿ ಹೊರಟುಬಿಡಿ.

ಎರಡನೆಯ ವಿದ್ಯೆ ಬೀಳುವುದು. ಯಾರಾದರೂ ನೂಕಿದಾಗ ನಾವೆಲ್ಲ ಕೈ ಊರಿಯೇ ಬೀಳುತ್ತೇವೆ. ಮಣಿಕಟ್ಟು, ಮೊಣಕೈ, ಕೊರಳೆಲುಬು ಮುರಿಯುವುದು ಅದರಿಂದಲೇ. ಜೂಡೊದವರು ಇದನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ: ಗದ್ದ ಎದೆಗೆ ಅಂಟಿರಬೇಕು, ಬೆನ್ನು ತೊಟ್ಟಿಲಿನ ತಳದಂತೆ ಬಾಗಿರಬೇಕು, ನೆಲ ತಾಗುವ ಗಳಿಗೆಯಲ್ಲಿ ಚಾಚಿದ ತೋಳಿನಿಂದ ಮೈಪಕ್ಕದ ನೆಲವನ್ನು ಚಟೀರೆಂದು ಬಡಿಯಬೇಕು. ಬಿದ್ದ ಪೆಟ್ಟು ಒಂದೇ ಕಡೆ ಕೂರದೆ ಹರಡಿಹೋಗುತ್ತದೆ. ಕಾನೊ ಜಿಗೊರೊ 1882ರಲ್ಲಿ ಜೂಡೊ ಕಟ್ಟಿದಾಗಿನಿಂದ ಇದೇ ಪಾಠ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಚ್ಚಲಿನಲ್ಲಿ ಜಾರಿದಾಗಲೂ ಇದು ಕೈಹಿಡಿಯುತ್ತದೆ. ನನ್ನ ಕೆಲವು ವಿದ್ಯಾರ್ಥಿಗಳು ಆಟ ಬಿಟ್ಟು ಹತ್ತು ವರ್ಷವಾಗಿದೆ, ಬೀಳುವುದನ್ನು ಮಾತ್ರ ಮರೆತಿಲ್ಲ.

ಮೂರನೆಯದು, ಕೆಳಗೆ ಸಿಕ್ಕಿಕೊಂಡಾಗ ಉಸಿರಾಡುವುದು. ಮೊದಲ ವಾರದಲ್ಲೇ ನಿಮಗಿದು ಎದುರಾಗುತ್ತದೆ. ನೀವು ಅಂಗಾತ ಮಲಗಿದ್ದೀರಿ, ಎದೆಯ ಮೇಲೆ 75 ಕೆಜಿಯ ಮನುಷ್ಯ, ಅವನ ಬೆವರು ನಿಮ್ಮ ಕಣ್ಣಿಗೆ ತೊಟ್ಟಿಕ್ಕುತ್ತಿದೆ. ಮೈಯೆಲ್ಲ ಕೂಗುವುದು ಒಂದೇ ಮಾತು: ನೂಕು. ಎರಡೂ ತೋಳು ಚಾಚಿ ನೂಕುತ್ತೀರಿ, ಅವನಿಗೆ ಬೇಕಾದದ್ದೂ ಚಾಚಿದ ತೋಳೇ. ಇಪ್ಪತ್ತು ಸೆಕೆಂಡಿನಲ್ಲಿ ಉಸಿರು ಮುಗಿಯುತ್ತದೆ. ಬದಲಿಗೆ ಮೊಣಕೈಗಳನ್ನು ಪಕ್ಕೆಲುಬಿಗೆ ಅಂಟಿಸಿ, ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಎಳೆದುಕೊಳ್ಳಿ. ಪಾದ ಊರಿ ಸೊಂಟವನ್ನು ಒಮ್ಮೆಲೇ ಎತ್ತಿದರೆ ಅವನು ಮುಂದಕ್ಕೆ ವಾಲುತ್ತಾನೆ. ಆಗ ಒಂದು ಮಗ್ಗುಲಿಗೆ ತಿರುಗಿ ಸೊಂಟವನ್ನು ಹಿಂದಕ್ಕೆ ಜಾರಿಸಿ. ಈ ಚಲನೆಗೆ ಶ್ರಿಂಪ್, ಅಂದರೆ ಸೀಗಡಿ ಎಂದೇ ಹೆಸರು. ನಮ್ಮ ಬಯಲುಸೀಮೆಯವರು ಸೀಗಡಿಯನ್ನು ಒಣಗಿದ ರೂಪದಲ್ಲಿ ಸಂತೆಯಲ್ಲಿ ಕಂಡವರೇ ಹೊರತು ಈಜುವುದನ್ನು ನೋಡಿದವರಲ್ಲ. ಆದರೂ ಒಮ್ಮೆ ಮಾಡಿದರೆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ವಿಡಿಯೊ ನೋಡಿ ಮನೆಯಲ್ಲಿ ಕಲಿಯಬಹುದೇ ಎಂದು ಕೇಳಿದಿರಲ್ಲ, ಇದನ್ನು ಕಲಿಯಬಹುದು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ದಿನಾ ಹತ್ತು ಸುತ್ತು ಸೀಗಡಿ, ಹಾಸಿಗೆಯ ಮೇಲೆ ಬೀಳುವ ಅಭ್ಯಾಸ, ಜೊತೆಗೆ ಗರಡಿಯ ದಂಡ, ಬಸ್ಕಿ. ಪಟ್ಟುಗಳನ್ನು ವಿಡಿಯೊ ನೋಡಿ ತಮ್ಮನ ಕತ್ತಿನ ಮೇಲೆ ಪ್ರಯೋಗಿಸುವುದು ಮಾತ್ರ ಬೇಡ. ಎಷ್ಟು ಒತ್ತಿದೆ, ಯಾವಾಗ ಬಿಡಬೇಕು ಎಂಬುದನ್ನು ಮೊಬೈಲ್ ಹೇಳಿಕೊಡುವುದಿಲ್ಲ.

ಹಾಗಾದರೆ ಎಲ್ಲಿ ಕಲಿಯುವುದು? ಫಲಕದ ಮೇಲೆ ಎಂಎಂಎ ಎಂದು ಬರೆದಿದೆಯೇ ಎಂದು ಹುಡುಕಬೇಡಿ. ಕುಸ್ತಿ, ಜೂಡೊ, ಬಾಕ್ಸಿಂಗ್, ವುಶು ಎಂಬ ಚೀನೀ ಸಮರಕಲೆ, ಇವುಗಳಲ್ಲಿ ಯಾವುದನ್ನಾದರೂ ಒಬ್ಬರು ನಿಷ್ಠೆಯಿಂದ ಕಲಿಸುತ್ತಿದ್ದರೆ ಅದು ನಿಮ್ಮ ಬುನಾದಿಗೆ ಸಾಕು. 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ವುಶುವಿನಿಂದ ಬಂದವರು. ಆಯ್ಕೆ ನಿಮ್ಮದೇ ಆದರೆ ಕುಸ್ತಿ ಅಥವಾ ಜೂಡೊ ಹಿಡಿಯಿರಿ ಎನ್ನುತ್ತೇನೆ. ಗುದ್ದುವುದನ್ನು ಕರಾಟೆಯಲ್ಲಿ ಅಷ್ಟಿಷ್ಟು ಕಂಡಿದ್ದೀರಿ. ಇನ್ನೊಬ್ಬ ಮನುಷ್ಯನ ಭಾರ ಮೈಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಕಂಡಿಲ್ಲ. ಮಹಾತ್ಮ ಗಾಂಧಿ ಕ್ರೀಡಾಂಗಣದ ಕಡೆ ಒಂದು ಸಂಜೆ ಹೋಗಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಜಿಲ್ಲೆಯಲ್ಲಿ ಇವುಗಳನ್ನು ಯಾರು ಕಲಿಸುತ್ತಿದ್ದಾರೆ ಎಂದು ವಿಚಾರಿಸಿ. ಹಳೆಯ ಪೈಲ್ವಾನರು ಯಾರಾದರೂ ಗೊತ್ತಿದ್ದರೆ ಅವರನ್ನೂ ಕೇಳಿ. ಅವರು ಬೈಯುತ್ತಲೇ ದಾರಿ ಹೇಳುತ್ತಾರೆ. ವಾರದಲ್ಲಿ ಎರಡು ಮೂರು ದಿನ ಇಲ್ಲಿ ಬುನಾದಿ, ನಾಲ್ಕೈದು ತಿಂಗಳ ನಂತರ ರಜೆಯ ದಿನ ಬೆಂಗಳೂರಿನಲ್ಲಿ ಒಂದು ಎಂಎಂಎ ತರಗತಿ. ಎಪ್ಪತ್ತು ಕಿಲೊಮೀಟರ್ ದೂರ, ಯಶವಂತಪುರಕ್ಕೆ ರೈಲಿದೆ. ದಿನಾ ಓಡಾಡಿ ಕಲಿಯುತ್ತೇನೆ ಎಂದು ಹೊರಡಬೇಡಿ. ಆ ಉತ್ಸಾಹ ಮೂರನೇ ವಾರಕ್ಕೆ ರೈಲಿನಲ್ಲೇ ನಿದ್ದೆ ಹೋಗಿರುತ್ತದೆ.

ಸೇರುವ ಮುನ್ನ ಒಂದು ತರಗತಿಯನ್ನು ಸುಮ್ಮನೆ ಕುಳಿತು ನೋಡಿ. ಗೋಡೆಯ ಮೇಲಿನ ಪದಕಗಳನ್ನು ನೋಡಬೇಡಿ, ಅಲ್ಲಿರುವವರಲ್ಲಿ ತೀರಾ ಹೊಸಬ ಯಾರು ಎಂದು ಹುಡುಕಿ. ಅವನನ್ನು ಯಾರ ಜೊತೆ ಜೋಡಿ ಮಾಡಿದ್ದಾರೆ? ಹದವಾಗಿ ಆಡುವ ಹಳಬನ ಜೊತೆಗಿದ್ದರೆ ಒಳ್ಳೆಯ ಜಾಗ. ಇನ್ನೊಬ್ಬ ಹೊಸಬನ ಜೊತೆ ಬಿಟ್ಟು ಕೋಚ್ ಮೊಬೈಲ್ ನೋಡುತ್ತಿದ್ದರೆ ಇಬ್ಬರಲ್ಲೊಬ್ಬರಿಗೆ ಪೆಟ್ಟಾಗುವುದು ಖಚಿತ, ಏಕೆಂದರೆ ಹೊಸಬನಷ್ಟು ಅಪಾಯದ ಜೊತೆಗಾರ ಇನ್ನೊಬ್ಬನಿಲ್ಲ. ಅವನಿಗೆ ತನ್ನ ಮೊಣಕೈ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಯಾರಾದರೂ ತಟ್ಟಿದಾಗ ಎದುರಿಗಿರುವವನು ತಕ್ಷಣ ಬಿಡುತ್ತಾನೆಯೇ, ಅರೆಗಳಿಗೆ ಹೆಚ್ಚು ಹಿಡಿಯುತ್ತಾನೆಯೇ ಎಂದು ಗಮನಿಸಿ. ಸೇರಿದ ಮೊದಲ ದಿನವೇ ನಿಮ್ಮ ಗುಂಡಿಗೆ ಪರೀಕ್ಷಿಸುತ್ತೇನೆ ಎಂದು ಹೊಡೆದಾಟಕ್ಕೆ ಇಳಿಸುವವರು ಗುರುಗಳಲ್ಲ. ಇಂಥ ಕಡೆ ಒಂದು ವರ್ಷದ ಹಣವನ್ನು ಮುಂಗಡ ಕೊಟ್ಟು ಕೆಟ್ಟವರನ್ನು ಕಂಡಿದ್ದೇನೆ. ತಿಂಗಳ ಲೆಕ್ಕದಲ್ಲೇ ಕೊಡಿ.

ಕರಾಟೆಯ ಬಗ್ಗೆ. ಉಪಯೋಗವಿದೆ, ಖಂಡಿತ. ಶೊಟೊಕಾನ್ ಎಂಬ ಶೈಲಿಯ ಕರಾಟೆ ಕಲಿತ ಲಿಯೊಟೊ ಮಚಿಡಾ 2009ರಲ್ಲಿ ಯುಎಫ್‌ಸಿ ಲೈಟ್ ಹೆವಿವೇಟ್ ಚಾಂಪಿಯನ್ ಆದ. ದೂರದ ಅಳತೆ, ಚಟ್ಟನೆ ಒಳನುಗ್ಗಿ ಹೊರಬರುವ ಕಾಲು, ಇವು ಕರಾಟೆಯ ಆಸ್ತಿ. ಆದರೆ ಗುದ್ದಿದ ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವ ರೂಢಿ ನಿಮ್ಮ ಮೈಯಲ್ಲಿ ಕೂತಿರುತ್ತದೆ. ಇಲ್ಲಿ ಅದು ಕೆನ್ನೆಗೆ ಮರಳಬೇಕು. ಗದ್ದ ಎತ್ತಿ ನಿಲ್ಲುವುದನ್ನೂ ಬಿಡಬೇಕು. ತಾಗಿದ ಕೂಡಲೇ ನಿಲ್ಲುವ ಅಭ್ಯಾಸವೂ ಹೋಗಬೇಕು, ಇಲ್ಲಿ ತಾಗಿದ ಮೇಲೆಯೇ ಎದುರಾಳಿ ನಿಮ್ಮ ಕಾಲು ಹಿಡಿಯುತ್ತಾನೆ. ಬಿಳಿ ಬೆಲ್ಟ್‌ನವನಂತೆ ಹೋಗಿ, ಹಸಿರಿನ ಸುದ್ದಿ ತೆಗೆಯಬೇಡಿ.

ತಲೆಯ ವಿಷಯದಲ್ಲಿ ನಾನು ಜಿಪುಣ. ಮೊದಲ ಆರು ತಿಂಗಳು ತಲೆಗೆ ಜೋರು ಪೆಟ್ಟು ಬೀಳುವ ಸ್ಪಾರಿಂಗ್, ಅಂದರೆ ಜೊತೆಗಾರನೊಂದಿಗಿನ ಅಭ್ಯಾಸದ ಕಾಳಗ, ಬೇಡವೇ ಬೇಡ. ನಂತರವೂ 16 ಔನ್ಸ್ ಗ್ಲೌಸ್ ಹಾಕಿಕೊಂಡು, ಅರ್ಧ ವೇಗದಲ್ಲಿ, ನಂಬಿಕೆಯ ಜೊತೆಗಾರನ ಜೊತೆ. ಪಂದ್ಯದಲ್ಲಿ ಕಾಣುವ 4 ಔನ್ಸಿನ ಬೆರಳು ಬಿಟ್ಟ ಗ್ಲೌಸ್ ನೋಡಿ ಮರುಳಾಗಬೇಡಿ. ಪೆಟ್ಟಾದ ಮೇಲೆ ತಲೆನೋವು, ವಾಕರಿಕೆ, ಬೆಳಕು ಚುಚ್ಚಿದಂತಾಗುವುದು, ಮಾತು ತಡವರಿಸುವುದು ಕಂಡರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು, ಅವರು ಹೇಳುವ ತನಕ ಮರಳಬಾರದು. ಪದೇಪದೇ ವಾಂತಿಯಾದರೆ, ಎಚ್ಚರ ತಪ್ಪಿದರೆ ನೇರ ಆಸ್ಪತ್ರೆಗೆ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೇ ಪೆಟ್ಟು ಪ್ರಾಣಕ್ಕೇ ಸಂಚಕಾರ ತರಬಹುದು.

ಯಾರೂ ಹೇಳದ ಇನ್ನೊಂದು ಕಷ್ಟ ಚರ್ಮದ್ದು. ಬೆವರು, ಉಜ್ಜಾಟ, ಹಂಚಿಕೊಂಡ ಮ್ಯಾಟ್, ಹುಳುಕಡ್ಡಿಗೆ ಇದಕ್ಕಿಂತ ಒಳ್ಳೆಯ ಹೊಲ ಬೇಕೇ? ಹಿಂದಿನವರು ಗರಡಿಯ ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ ಬೆರೆಸಿ ಹದ ಮಾಡುತ್ತಿದ್ದರು. ಈಗಿನ ರಬ್ಬರ್ ಮ್ಯಾಟನ್ನು ದಿನಾ ಸೋಂಕುನಾಶಕದಲ್ಲಿ ಒರೆಸುವುದೊಂದೇ ಉಪಾಯ. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಸೋಪು ಹಚ್ಚಿ ಸ್ನಾನ ಮಾಡಿ, ಬೆವರಿನ ಬಟ್ಟೆಯನ್ನು ಚೀಲದಲ್ಲಿ ಮುದುರಿ ಇಡಬೇಡಿ. ಉಂಗುರದಾಕಾರದ ಕೆಂಪು ಮಚ್ಚೆ ಕಂಡರೆ ಔಷಧದಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಮೈತುಂಬ ಹಬ್ಬುತ್ತದೆ. ಚರ್ಮರೋಗ ವೈದ್ಯರ ಬಳಿ ಹೋಗಿ, ವಾಸಿಯಾಗುವ ತನಕ ಮ್ಯಾಟ್‌ನಿಂದ ದೂರವಿರಿ. ಕಿವಿ ಊದಿಕೊಂಡು ಮೆತ್ತಗಾದರೂ ಹಾಗೆಯೇ, ಆ ದಿನವೇ ತೋರಿಸಿ. ಬಿಟ್ಟರೆ ರಕ್ತ ಗಟ್ಟಿಯಾಗಿ ಹೂಕೋಸಿನ ಆಕಾರ ಶಾಶ್ವತವಾಗಿ ಉಳಿಯುತ್ತದೆ.

ಸಾಮಾನು ಹೆಚ್ಚು ಬೇಡ. ಬಾಯಿಗೆ ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಳತೆ ಮಾಡಿಕೊಳ್ಳುವ ಮೌತ್‌ಗಾರ್ಡ್, ತೊಡೆಸಂದಿನ ಗಾರ್ಡ್, ನಾಲ್ಕೂವರೆ ಮೀಟರ್ ಉದ್ದದ ಕೈಪಟ್ಟಿ. ಗ್ಲೌಸನ್ನು ಎರಡು ತಿಂಗಳು ತಡೆದು ಕೊಳ್ಳಿ, ಅಷ್ಟು ಹೊತ್ತಿಗೆ ನೀವು ಉಳಿಯುತ್ತೀರೋ ಇಲ್ಲವೋ ನಿಮಗೇ ತಿಳಿದಿರುತ್ತದೆ.

ಊಟಕ್ಕೆ ಡಬ್ಬಿಯ ಪುಡಿ ಬೇಕೆಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ನಿಮ್ಮ ತೂಕಕ್ಕೆ ದಿನಕ್ಕೆ 90ರಿಂದ 100 ಗ್ರಾಂ ಪ್ರೋಟೀನ್ ಸಾಕು. ಮುದ್ದೆ ಶಕ್ತಿ ಕೊಡುತ್ತದೆ, ಸುಣ್ಣದಂಶ ಕೊಡುತ್ತದೆ, ಪ್ರೋಟೀನ್ ಮಾತ್ರ ನೂರು ಗ್ರಾಂ ರಾಗಿಯಲ್ಲಿ ಏಳರಷ್ಟೇ. ಅದರ ಪಕ್ಕದಲ್ಲಿ ಏನಿದೆ ಎಂಬುದು ಮುಖ್ಯ. ಹುರುಳಿಕಾಳಿನಲ್ಲಿ ಇಪ್ಪತ್ತೆರಡು, ಪಾವಗಡ, ಶಿರಾ ಕಡೆಯ ಕಡಲೆಕಾಯಿಯಲ್ಲಿ ಇಪ್ಪತ್ತೈದರ ಹತ್ತಿರ, ಒಂದು ಮೊಟ್ಟೆಗೆ ಆರು. ಲೆಕ್ಕ ನೀವೇ ಹಾಕಿಕೊಳ್ಳಿ. ಪಂದ್ಯಕ್ಕೆ ಮುನ್ನ ನೀರು ಬಿಟ್ಟು ತೂಕ ಇಳಿಸುವವರನ್ನು ನೋಡಿ ಅನುಕರಿಸುವುದು ಬೇಡ. 62 ಕೆಜಿಯಲ್ಲಿ ಇಳಿಸಲು ನಿಮ್ಮ ಬಳಿ ಏನೂ ಇಲ್ಲ.

ನನಗೆ ಊಟಕ್ಕಿಂತ ಚಿಂತೆ ನಿಮ್ಮ ಪಾಳಿಯದ್ದು. ರಾತ್ರಿ ಪಾಳಿಯ ವಾರದಲ್ಲಿ ನಿದ್ದೆಗೆಟ್ಟು ಸ್ಪಾರಿಂಗ್‌ಗೆ ಇಳಿಯಬೇಡಿ. ಆ ವಾರ ಬೀಳುವುದು, ಸೀಗಡಿ, ಒಂದೇ ಒಂದು ಪಟ್ಟಿನ ನಿಧಾನದ ಅಭ್ಯಾಸ, ಅಷ್ಟೇ. ಇದನ್ನು ಕೋಚ್‌ಗೆ ಮೊದಲೇ ಹೇಳಿ. ಒಪ್ಪದವರಾದರೆ ಅವರ ಬಗ್ಗೆ ನಿಮಗೆ ಬೇಕಾದ ಮಾಹಿತಿ ಸಿಕ್ಕಂತೆಯೇ.

ಕೊನೆಗೆ ಅಮ್ಮ. ಮೂಗು ಮುರಿಯುವುದೇ ಇಲ್ಲ ಎಂದು ಅವರಿಗೆ ಸುಳ್ಳು ಹೇಳಬೇಡಿ. ಪಂದ್ಯಕ್ಕೆ ಇಳಿದರೆ ಮುರಿಯಲೂಬಹುದು. ಮೊದಲ ಆರು ತಿಂಗಳು ಮುಖಕ್ಕೆ ಪೆಟ್ಟು ಬೀಳುವ ಆಟವನ್ನೇ ಆಡುವುದಿಲ್ಲ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಈಗಿನ ನಿಯಮಗಳಲ್ಲಿ ಕಣ್ಣಿಗೆ ಚುಚ್ಚುವುದು, ತಲೆಯಿಂದ ಗುದ್ದುವುದು, ಹಿಂದಲೆಗೆ ಹೊಡೆಯುವುದು ನಿಷಿದ್ಧ, ರೆಫರಿ ಯಾವ ಕ್ಷಣದಲ್ಲೂ ನಿಲ್ಲಿಸಬಹುದು ಎಂಬುದನ್ನೂ ತಿಳಿಸಿ. ಸಾಧ್ಯವಾದರೆ ಒಂದು ಸಂಜೆ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಿ. ನನ್ನ ತಾಯಿ ಗರಡಿಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿ, ‘ಇಷ್ಟು ಹೊತ್ತು ಮಣ್ಣಲ್ಲಿ ಹೊರಳುವುದಾದರೆ ಬಟ್ಟೆ ನೀನೇ ಒಗೆದುಕೋ’ ಎಂದು ಹೇಳಿ ಹೊರಟುಹೋಗಿದ್ದರು. ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಸುಮ್ಮನೆ ನೋಡಿಬರಲು ಹೋಗುವುದಾದರೂ ಹಿಂದಿನ ರಾತ್ರಿಯೇ ಕೈಕಾಲಿನ ಉಗುರು ಕತ್ತರಿಸಿಕೊಂಡಿರಿ. ಬಾಗಿಲಲ್ಲಿ ನಿಂತವರನ್ನು ಬನ್ನಿ, ಇಳಿಯಿರಿ ಎಂದು ಕರೆಯುವುದೇ ಹೆಚ್ಚು.